ಒಂದು ದೇಶದ ನಾಗರಿಕ ಸಮಾಜ ಎಷ್ಟು ಗಟ್ಟಿ? ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದಬಹುದು.

## ಶುರುವಿನ ಪ್ರಶ್ನೆಗಳು

ನಾಗರಿಕ ಸಮಾಜ ಅಂದ್ರೆ ಎನ್‌ಜಿಒಗಳು ತಾನೇ?

ಎನ್‌ಜಿಒ ಅದರ ಒಂದು ಭಾಗ, ಅಷ್ಟೆ. ಮನೆಯ ಆಚೆ, ಸರ್ಕಾರದ ಆಚೆ, ಲಾಭದ ವ್ಯಾಪಾರದ ಆಚೆ ಜನ ತಾವಾಗಿ ಕೂಡಿ ಏನಾದರೂ ಮಾಡುತ್ತಾರಲ್ಲ, ಆ ಜಾಗಕ್ಕೆಲ್ಲ ಈ ಹೆಸರು. ಕಾರ್ಮಿಕ ಸಂಘ, ರೈತ ಸಂಘ, ವಕೀಲರ ಪರಿಷತ್ತು, ವಿದ್ಯಾರ್ಥಿ ಸಂಘಟನೆ, ಒಂದೇ ಕಾಯಿಲೆ ಇರುವವರ ಬಳಗ, ಹಾಡುವವರ ತಂಡ, ಸಾಲ ಉಳಿತಾಯದ ಗುಂಪು ಎಲ್ಲವೂ ಇದರಲ್ಲಿ ಬರುತ್ತವೆ.

ಹೆಸರು, ಬೋರ್ಡು, ಬ್ಯಾಂಕ್ ಖಾತೆ ಇಲ್ಲದವರೂ ಬರುತ್ತಾರೆ. 1977ರ ಏಪ್ರಿಲ್‌ನಲ್ಲಿ ಬ್ಯೂನಸ್ ಐರಿಸ್‌ನ ಪ್ಲಾಸಾ ದೆ ಮಾಯೋ ಚೌಕದಲ್ಲಿ 14 ತಾಯಂದಿರು ಸೇರಿದರು. ಅರ್ಜೆಂಟೀನಾದ ಸೇನಾ ಆಡಳಿತ ಎಳೆದೊಯ್ದ ತಮ್ಮ ಮಕ್ಕಳು ಎಲ್ಲಿ ಎಂದು ಕೇಳಿದರು. ಅವರ ಹತ್ತಿರ ನೋಂದಣಿ ಪತ್ರ ಇರಲಿಲ್ಲ, ಆಫೀಸು ಇರಲಿಲ್ಲ. ಆ ದೇಶದ ನಾಗರಿಕ ಸಮಾಜವನ್ನು ಅವತ್ತು ಎನ್‌ಜಿಒ ಪಟ್ಟಿ ಹಿಡಿದು ಅಳೆದಿದ್ದರೆ ಈ ತಾಯಂದಿರು ಸಿಗುತ್ತಲೇ ಇರಲಿಲ್ಲ.

ರಾಜಕೀಯ ಪಕ್ಷ, ಪತ್ರಿಕೆ, ಧಾರ್ಮಿಕ ಸಂಸ್ಥೆ ಇವೂ ಲೆಕ್ಕಕ್ಕೆ ಬರ್ತವಾ?

ಪಕ್ಷಗಳನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ. ಅಧಿಕಾರ ಹಿಡಿಯುವುದೇ ಅವುಗಳ ಗುರಿ. ಪತ್ರಿಕೆ ಹೆಚ್ಚಾಗಿ ವ್ಯಾಪಾರವೇ, ಆದರೆ ಪತ್ರಕರ್ತರ ಸಂಘ ಒಳಗೆ ಬರುತ್ತದೆ. ಧಾರ್ಮಿಕ ಸಂಸ್ಥೆಗಳ ಬಗ್ಗೆ ಒಮ್ಮತ ಇಲ್ಲ. ದೇಶ ದೇಶಗಳ ಪ್ರಜಾಪ್ರಭುತ್ವ ಅಳೆಯಲು ಸ್ವೀಡನ್‌ನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದಿಂದ ನಡೆಯುವ ವಿ-ಡೆಮ್ ಯೋಜನೆ ಒಂದು ಒಳ್ಳೆಯ ಗೆರೆ ಎಳೆದಿದೆ: ಧಾರ್ಮಿಕ ಸಂಸ್ಥೆ ಸಾರ್ವಜನಿಕ ಇಲ್ಲವೇ ರಾಜಕೀಯ ಕೆಲಸದಲ್ಲಿ ತೊಡಗಿದ್ದರೆ ಒಳಗೆ, ಬರೀ ಪ್ರಾರ್ಥನೆಗಾದರೆ ಹೊರಗೆ. ನೀವು ಬೇರೆ ಗೆರೆ ಎಳೆಯಬಹುದು. ಆದರೆ ಅದನ್ನು ವರದಿಯ ಮೊದಲ ಪುಟದಲ್ಲೇ ಹೇಳಿ. ಮಧ್ಯದಲ್ಲಿ ಬದಲಿಸಬೇಡಿ.

ಇದನ್ನೆಲ್ಲ ಅಳೆದು ಏನು ಮಾಡೋದು?

ಯಾರು ಕೇಳುತ್ತಿದ್ದಾರೆ ಎಂಬುದರ ಮೇಲೆ ಉತ್ತರ ಬೇರೆ. ಹಣ ಕೊಡುವವರಿಗೆ ಎಲ್ಲಿ ಕೊಡಬೇಕು ಎಂದು ತಿಳಿಯಬೇಕು. ಸಂಶೋಧಕರಿಗೆ ದೇಶ ದೇಶಗಳನ್ನು ಹೋಲಿಸಬೇಕು. ಸಂಘಗಳಲ್ಲಿ ದುಡಿಯುವವರಿಗೆ ತಾವು ಎಲ್ಲಿ ಸೋಲುತ್ತಿದ್ದೇವೆ ಎಂದು ಗೊತ್ತಾಗಬೇಕು. ನನಗೆ ಈ ಮೂರನೆಯವರ ಉಪಯೋಗವೇ ದೊಡ್ಡದು ಅನಿಸುತ್ತದೆ. ತಮ್ಮ ಬಗ್ಗೆ ಬರೆದ ವರದಿಯನ್ನು ಅವರೇ ಓದಲಾರದ ಹಾಗೆ ಬರೆದರೆ ಅರ್ಧ ಕೆಲಸ ವ್ಯರ್ಥ.

ದೇಶದಲ್ಲಿ ಎಷ್ಟು ಸಂಘಗಳಿವೆ ಅಂತ ಎಣಿಸಿದ್ರೆ ಸಾಕಲ್ವಾ?

ಸಾಲದು. ನೋಂದಣಿ ಪುಸ್ತಕದಲ್ಲಿ ಸತ್ತ ಸಂಘಗಳ ಹೆಸರು ವರ್ಷಗಟ್ಟಲೆ ಉಳಿದಿರುತ್ತದೆ. ಮೂರು ಜನರ ಸಂಘಕ್ಕೂ ಒಂದೇ ಸಾಲು, ಲಕ್ಷಾಂತರ ಸದಸ್ಯರ ಕಾರ್ಮಿಕ ಸಂಘಕ್ಕೂ ಒಂದೇ ಸಾಲು. ಇನ್ನೊಂದು ತೊಡಕೂ ಇದೆ. ಸ್ವಿಟ್ಜರ್ಲೆಂಡ್‌ನಲ್ಲಿ ಸಾಮಾನ್ಯ ಸಂಘ ಕಟ್ಟಲು ನೋಂದಣಿಯೇ ಬೇಡ. ಲಿಖಿತ ಬೈಲಾ ಒಪ್ಪಿಕೊಂಡರೆ ಸಂಘಕ್ಕೆ ಕಾನೂನಿನ ಜೀವ ಬರುತ್ತದೆ. ಇಂಥ ಕಡೆ ನೋಂದಣಿ ಸಂಖ್ಯೆ ನಂಬಿದರೆ ಪೂರ್ತಿ ದಾರಿ ತಪ್ಪುತ್ತೀರಿ.

ಸಂಖ್ಯೆಗಿಂತ ಸಂಖ್ಯೆಯ ಏರಿಳಿತ ಜಾಸ್ತಿ ಮಾತಾಡುತ್ತದೆ. ನಿಕರಾಗುವಾದಲ್ಲಿ 2018ರ ಪ್ರತಿಭಟನೆಗಳ ನಂತರ ಸರ್ಕಾರ ಸಾವಿರಾರು ಸಂಘಗಳ ಮಾನ್ಯತೆ ಕಿತ್ತುಕೊಂಡಿತು. 2024ರ ಆಗಸ್ಟ್‌ನಲ್ಲಿ ಒಂದೇ ಆದೇಶದಲ್ಲಿ 1,500 ಸಂಘಗಳು ಹೋದವು. ಅಲ್ಲಿ ಉಳಿದವರು ಎಷ್ಟು ಎಂದು ಕೇಳಿದರೆ ಸಾಲದು. ಹೋದವರು ಯಾರು, ಉಳಿದವರು ಯಾಕೆ ಉಳಿದರು ಎಂದು ಕೇಳಬೇಕು.

## ಅಳೆಯಲು ಕೂತಾಗ

ಹಾಗಾದ್ರೆ ಏನೇನು ನೋಡಬೇಕು?

ಜನರು ಹೆಚ್ಚು ಬಳಸಿದ ಚೌಕಟ್ಟು ಸಿವಿಕಸ್‌ನದು. ಇದು ನಾಗರಿಕ ಸಂಘಗಳು ಸೇರಿ 1993ರಲ್ಲಿ ಶುರುವಾದ ಜಾಗತಿಕ ಒಕ್ಕೂಟ, ಮುಖ್ಯ ಕಚೇರಿ ಜೋಹಾನ್ಸ್‌ಬರ್ಗ್‌ನಲ್ಲಿ. ಜರ್ಮನ್ ಮೂಲದ ಸಮಾಜಶಾಸ್ತ್ರಜ್ಞ ಹೆಲ್ಮುಟ್ ಆನ್‌ಹೈಯರ್ ಇದಕ್ಕಾಗಿ ನಾಲ್ಕು ಮೂಲೆಯ ಒಂದು ಚಿತ್ರ ರೂಪಿಸಿದರು. ಮೊದಲನೆಯದು ರಚನೆ: ಎಷ್ಟು ಜನ ಸೇರಿದ್ದಾರೆ, ಸಂಘಗಳ ನಡುವೆ ನಂಟು ಇದೆಯಾ, ಹಣ ಮತ್ತು ಕೌಶಲ ಇದೆಯಾ. ಎರಡನೆಯದು ವಾತಾವರಣ: ಕಾನೂನು, ಸರ್ಕಾರದ ವರ್ತನೆ, ಜನರ ಪರಸ್ಪರ ನಂಬಿಕೆ. ಮೂರನೆಯದು ಮೌಲ್ಯ: ಸಂಘಗಳು ಬೋಧಿಸುವುದನ್ನು ತಾವೇ ಪಾಲಿಸುತ್ತವಾ. ನಾಲ್ಕನೆಯದು ಪರಿಣಾಮ. ಒಂದೊಂದಕ್ಕೂ 0ರಿಂದ 3ರವರೆಗೆ ಅಂಕ. ನಾಲ್ಕು ಅಂಕಗಳನ್ನು ಗೆರೆಯಿಂದ ಸೇರಿಸಿದರೆ ಗಾಳಿಪಟದಂಥ ಒಂದು ಆಕಾರ ಬರುತ್ತದೆ.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಒಂದು ವಿಷಯ. ನಾಲ್ಕನ್ನೂ ಕೂಡಿಸಿ ಒಂದೇ ಅಂಕ ಮಾಡಲಿಲ್ಲ. ವಾತಾವರಣ ಚೆನ್ನಾಗಿದ್ದು ರಚನೆ ಬಡವಾಗಿರುವ ದೇಶ, ರಚನೆ ಗಟ್ಟಿಯಿದ್ದು ವಾತಾವರಣ ಕೆಟ್ಟಿರುವ ದೇಶ, ಎರಡೂ ಕೂಡಿಸಿದರೆ ಒಂದೇ ಅಂಕಕ್ಕೆ ಬಂದು ನಿಲ್ಲುತ್ತವೆ. ಆದರೆ ಒಂದಕ್ಕೆ ಬೇಕಾದ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ. ಗಾಳಿಪಟ ಯಾವ ಕಡೆ ವಾಲಿದೆ ಎಂಬುದೇ ಸುದ್ದಿ.

ಮೌಲ್ಯದ ಮೂಲೆಯನ್ನು ಹೆಚ್ಚಿನವರು ಬೇಗ ದಾಟಿಬಿಡುತ್ತಾರೆ. ಮುಜುಗರದ ಪ್ರಶ್ನೆಗಳು ಇರುವುದು ಅಲ್ಲೇ. ಅಧ್ಯಕ್ಷರು ಕೊನೆಯ ಸಲ ಬದಲಾದದ್ದು ಯಾವಾಗ? ವಾರ್ಷಿಕ ಮಹಾಸಭೆಯಲ್ಲಿ ಯಾರಾದರೂ ಲೆಕ್ಕ ಪ್ರಶ್ನಿಸಿದ್ದಾರಾ? ಹೆಣ್ಣುಮಕ್ಕಳು ಸದಸ್ಯರ ಪಟ್ಟಿಯಲ್ಲಿ ಮಾತ್ರ ಇದ್ದಾರಾ, ತೀರ್ಮಾನ ಮಾಡುವ ಕಡೆಯೂ ಇದ್ದಾರಾ? ಸರ್ಕಾರದಿಂದ ಪಾರದರ್ಶಕತೆ ಕೇಳುವ ಸಂಘ ತನ್ನ ಆಡಿಟ್ ವರದಿಯನ್ನು ಬಚ್ಚಿಟ್ಟಿದ್ದರೆ ಅದನ್ನು ಬರೆಯಲೇಬೇಕು.

ಕಾನೂನು ಓದಿದ್ರೆ ಪರಿಸ್ಥಿತಿ ಗೊತ್ತಾಗಲ್ವಾ?

ಸಂವಿಧಾನ ಓದಿದರೆ ಗೊತ್ತಾಗುವುದಿಲ್ಲ. ಸಂಘ ಕಟ್ಟುವ ಸ್ವಾತಂತ್ರ್ಯವನ್ನು ಉತ್ತರ ಕೊರಿಯಾದ ಸಂವಿಧಾನವೂ ಕೊಡುತ್ತದೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 20ನೇ ವಿಧಿ, 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದದ 22ನೇ ವಿಧಿ, ಇವಕ್ಕೆ ತಲೆಯಾಡಿಸಿದ ದೇಶಗಳಲ್ಲೇ ಸಂಘಗಳ ಬಾಗಿಲು ಮುಚ್ಚುತ್ತವೆ.

ಸಣ್ಣ ನಿಯಮಗಳನ್ನು ಓದಬೇಕು. ಅರ್ಜಿ ಹಾಕಿ ಎಷ್ಟು ದಿನಕ್ಕೆ ಉತ್ತರ ಬರಬೇಕು? ತಿರಸ್ಕರಿಸುವ ಅಧಿಕಾರಿ ಕಾರಣ ಕೊಡಬೇಕಾ? ಮೇಲ್ಮನವಿ ಕೋರ್ಟಿಗೋ, ಅದೇ ಅಧಿಕಾರಿಯ ಮೇಲಧಿಕಾರಿಗೋ? ಸಂಘ ಮುಚ್ಚಿಸಲು ನ್ಯಾಯಾಧೀಶರ ಆದೇಶ ಬೇಕಾ, ಸಚಿವಾಲಯದ ಒಂದು ಪತ್ರ ಸಾಕಾ?

ಹಣದ ಬಗ್ಗೆ ಇರುವ ಕಾನೂನು ಎಲ್ಲಕ್ಕಿಂತ ಹರಿತ. ಇಥಿಯೋಪಿಯಾ 2009ರಲ್ಲಿ ಒಂದು ಕಾನೂನು ತಂದಿತು. ಆದಾಯದ ಶೇ 10ಕ್ಕಿಂತ ಜಾಸ್ತಿ ಹೊರದೇಶದಿಂದ ಪಡೆದರೆ ಮಾನವ ಹಕ್ಕು, ಲಿಂಗ ಸಮಾನತೆಯಂಥ ಕ್ಷೇತ್ರಗಳಲ್ಲಿ ಕೆಲಸ ಮಾಡುವಂತಿಲ್ಲ. ಬಡ ದೇಶದಲ್ಲಿ ಆ ಕೆಲಸಕ್ಕೆ ಒಳಗಿನಿಂದ ಹಣ ಹುಟ್ಟುವುದು ಕಷ್ಟ. ಹಾಗಾಗಿ ಎಷ್ಟೋ ಸಂಘಗಳು ಹಕ್ಕಿನ ಕೆಲಸ ಬಿಟ್ಟು ನೀರು, ಶಾಲೆ ಕಡೆ ತಿರುಗಿದವು. ಯಾರನ್ನೂ ಜೈಲಿಗೆ ಹಾಕದೆ ಕೆಲಸ ಮುಗಿದಿತ್ತು. 2019ರಲ್ಲಿ ಆ ಕಾನೂನನ್ನು ತೆಗೆದು ಹೊಸದು ತಂದರು. ಹಂಗೇರಿ 2017ರಲ್ಲಿ ವಿದೇಶಿ ಹಣ ಪಡೆಯುವ ಸಂಘಗಳು ತಮ್ಮ ಮೇಲೆ ಹಾಗೆಂದು ಹಣೆಪಟ್ಟಿ ಹಚ್ಚಿಕೊಳ್ಳಬೇಕು ಎಂದಿತು. 2020ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಅದು ಒಕ್ಕೂಟದ ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು.

ಹಣ ಎಲ್ಲಿಂದ ಬರ್ತಿದೆ ಅನ್ನೋದು ಅಷ್ಟೊಂದು ಮುಖ್ಯನಾ? ಕೆಲಸ ಆದ್ರೆ ಸಾಕಲ್ವಾ?

ಮುಖ್ಯ. ಆದರೆ ಜನ ಅಂದುಕೊಂಡ ಕಾರಣಕ್ಕಲ್ಲ. ವಿದೇಶಿ ಹಣ ಬಂದರೆ ಸಂಘ ಕೆಟ್ಟದ್ದು ಎಂಬುದು ಸುಮ್ನೆ ಮಾತು. ಕೇಳಬೇಕಾದದ್ದು ಇಷ್ಟು: ಈ ಒಂದು ಮೂಲ ನಾಳೆ ನಿಂತರೆ ಏನು ಉಳಿಯುತ್ತದೆ?

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಲೆಸ್ಟರ್ ಸಾಲಮನ್ ನೇತೃತ್ವದ ತಂಡ 1990ರ ದಶಕದಿಂದ ಹಲವು ದೇಶಗಳ ಲಾಭರಹಿತ ಸಂಸ್ಥೆಗಳ ಲೆಕ್ಕ ಹಾಕಿತು. ಅವರಿಗೆ ಸಿಕ್ಕ ಚಿತ್ರ ಎಲ್ಲರನ್ನೂ ಬೆರಗುಗೊಳಿಸಿತು. ಸರಾಸರಿ ಆದಾಯದ ಅರ್ಧಕ್ಕಿಂತ ತುಸು ಹೆಚ್ಚು ಶುಲ್ಕ ಮತ್ತು ಚಂದಾ. ಸುಮಾರು ಮೂರನೇ ಒಂದು ಭಾಗ ಸರ್ಕಾರದ ಹಣ. ದೇಣಿಗೆ ಎಂಟನೇ ಒಂದು ಭಾಗದ ಆಸುಪಾಸು ಮಾತ್ರ. ಆಸ್ಪತ್ರೆ, ವಿಶ್ವವಿದ್ಯಾಲಯಗಳೂ ಈ ಲೆಕ್ಕದಲ್ಲಿ ಇವೆ ಎಂಬುದನ್ನು ಮರೆಯಬಾರದು.

ಸದಸ್ಯರ ಚಂದಾ ಮೊತ್ತ ಸಣ್ಣದಿರಬಹುದು. ಆದರೂ ಅದು ಬಲದ ಒಳ್ಳೆಯ ಗುರುತು. ಚಂದಾ ಕೊಟ್ಟವನು ಲೆಕ್ಕ ಕೇಳುತ್ತಾನೆ. ದೂರದ ದಾನಿಗೆ ಮಾತ್ರ ಲೆಕ್ಕ ಕೊಡುವ ಸಂಘ ನಿಧಾನವಾಗಿ ದಾನಿಯ ಭಾಷೆಯಲ್ಲೇ ಯೋಚಿಸಲು ಶುರು ಮಾಡುತ್ತದೆ.

ಜನ ನಿಜವಾಗಿ ಭಾಗವಹಿಸ್ತಿದ್ದಾರೆ ಅಂತ ತಿಳಿಯೋದು ಹೇಗೆ?

ಸಮೀಕ್ಷೆಯಿಂದ, ಆದರೆ ಪ್ರಶ್ನೆ ಸರಿಯಾಗಿರಬೇಕು. 1981ರಿಂದ ನಡೆಯುತ್ತಿರುವ ವಿಶ್ವ ಮೌಲ್ಯ ಸಮೀಕ್ಷೆ ಸದಸ್ಯರನ್ನು ಸಕ್ರಿಯ, ನಿಷ್ಕ್ರಿಯ ಎಂದು ಬೇರೆ ಮಾಡಿ ಕೇಳುತ್ತದೆ. ಇದು ತುಂಬಾ ಬೇಕಾದ ಭೇದ. ಸೋವಿಯತ್ ಒಕ್ಕೂಟದಲ್ಲಿ ಹೆಚ್ಚುಕಡಿಮೆ ಎಲ್ಲ ಕೆಲಸಗಾರರೂ ಕಾರ್ಮಿಕ ಸಂಘದ ಸದಸ್ಯರಾಗಿದ್ದರು. ಕಾಗದದ ಮೇಲೆ ಅದು ಭಾರಿ ಬಲ!

"ನೀವು ಸ್ವಯಂಸೇವಕರಾ?" ಎಂದು ಕೇಳಿದರೆ ಹೆಚ್ಚಿನವರು ಇಲ್ಲ ಅನ್ನುತ್ತಾರೆ. ಆ ಪದ ತಮಗಲ್ಲ ಅಂದುಕೊಳ್ಳುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಕೈಪಿಡಿ ಇದಕ್ಕೆ ದಾರಿ ತೋರಿಸಿದೆ. ಕಳೆದ 4 ವಾರಗಳಲ್ಲಿ ಹಣ ಪಡೆಯದೆ, ನಿಮ್ಮ ಮನೆಯವರಲ್ಲದವರಿಗೆ ಏನಾದರೂ ಕೆಲಸ ಮಾಡಿಕೊಟ್ರಾ, ಎಷ್ಟು ಗಂಟೆ? ಹೀಗೆ ಕೇಳಿದಾಗ ಕಾಣದಿದ್ದ ಜನ ಕಾಣುತ್ತಾರೆ.

ಭಯ ಇರುವ ಕಡೆ ಸಮೀಕ್ಷೆಯ ಉತ್ತರವನ್ನು ಹಾಗೇ ನಂಬಬೇಡಿ. "ಹೇಳಲಾರೆ" ಎಂದವರ ಪ್ರಮಾಣ ಎಷ್ಟಿದೆ ನೋಡಿ. ಅದೇ ಒಂದು ಅಳತೆ.

ಪರಿಣಾಮವನ್ನು ಅಳೆಯೋಕೆ ಆಗುತ್ತಾ? ಯಾವುದು ಯಾರಿಂದ ಆಯ್ತು ಅಂತ ಹೇಗೆ ಹೇಳ್ತೀರಿ?

ಇದು ಎಲ್ಲಕ್ಕಿಂತ ಕಷ್ಟದ ಭಾಗ. ಸಂಘಗಳನ್ನೇ ಕೇಳಿದರೆ ಎಲ್ಲ ತಮ್ಮಿಂದ ಆಯಿತು ಅನ್ನುತ್ತಾರೆ. ನನಗೆ ಭರವಸೆ ಇರುವ ದಾರಿ ಒಂದೇ: ಕಳೆದ ಐದು ವರ್ಷಗಳ ಮೂರು ನಾಲ್ಕು ತೀರ್ಮಾನಗಳನ್ನು ಆರಿಸಿ, ಒಂದೊಂದನ್ನೂ ಹಿಂದಕ್ಕೆ ಬೆನ್ನಟ್ಟಿ ಹೋಗುವುದು. ಅದರಲ್ಲಿ ಒಂದಾದರೂ ಸೋತ ಹೋರಾಟ ಇರಲಿ.

ಹೇಗೆ ಎಂದು ಒಂದು ನಿಜ ಉದಾಹರಣೆ ನೋಡೋಣ. ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ಇರುವವರ ಚಿಕಿತ್ಸೆಗಾಗಿ ಹೋರಾಡುವ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಎಂಬ ಸಂಘಟನೆ 1998ರ ಡಿಸೆಂಬರ್‌ನಲ್ಲಿ ಹುಟ್ಟಿತು. ಎಚ್‌ಐವಿ ಇರುವ ಗರ್ಭಿಣಿಯರಿಗೆ ನೆವಿರಾಪಿನ್ ಔಷಧಿ ಕೊಟ್ಟರೆ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಕಡಿಮೆಯಾಗುತ್ತದೆ. ಸರ್ಕಾರ ಅದನ್ನು ಕೆಲವೇ ಪ್ರಾಯೋಗಿಕ ಕೇಂದ್ರಗಳಿಗೆ ಸೀಮಿತ ಮಾಡಿತ್ತು. ಸಂಘಟನೆ ಬೀದಿಗಿಳಿಯಿತು, ಸದಸ್ಯರಿಗೆ ಔಷಧಿಯ ವಿಜ್ಞಾನ ಕಲಿಸಿತು, ಕೋರ್ಟಿಗೆ ಹೋಯಿತು. 2002ರ ಜುಲೈನಲ್ಲಿ ಸಂವಿಧಾನ ನ್ಯಾಯಾಲಯ ಆ ನಿರ್ಬಂಧ ತೆಗೆಯಲು ಆದೇಶಿಸಿತು.

ಇಲ್ಲಿ ಕೊಂಡಿ ಕೊಂಡಿಯಾಗಿ ಹಿಡಿಯಬಹುದು. ಅರ್ಜಿ ಹಾಕಿದವರು ಯಾರು, ವೈದ್ಯರ ಹೇಳಿಕೆ ಎಲ್ಲಿಂದ ಬಂತು, ಆದೇಶದ ನಂತರ ಆಸ್ಪತ್ರೆಗಳ ಮೇಲೆ ಕಣ್ಣಿಟ್ಟವರು ಯಾರು. ಹಾಗೇ ಇದು ಬರೀ ಸಂಘದ ಗೆಲುವಲ್ಲ ಎಂದೂ ಕಾಣುತ್ತದೆ. ಸ್ವತಂತ್ರ ನ್ಯಾಯಾಲಯ ಇಲ್ಲದಿದ್ದರೆ ಅದೇ ಸಂಘ, ಅದೇ ದುಡಿಮೆ, ಬೇರೆ ಫಲ.

ಎದುರು ಪಕ್ಷದವರನ್ನೂ ಮಾತಾಡಿಸಿ. ತೀರ್ಮಾನ ಮಾಡಿದ ಅಧಿಕಾರಿ "ಅವರ ಕಾಟ ತಡೆಯಲಾಗದೆ ಬದಲಿಸಿದೆವು" ಎಂದರೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

## ಸೂಚ್ಯಂಕಗಳ ಬಗ್ಗೆ

ರೆಡಿ ಸೂಚ್ಯಂಕಗಳು ಇವೆಯಲ್ಲ, ಯಾವುದನ್ನು ನಂಬೋದು?

ಒಂದೊಂದೂ ಬೇರೆ ಬೇರೆ ವಿಷಯ ಅಳೆಯುತ್ತದೆ. ನಂಬುವ ಮೊದಲು ಅದು ಏನನ್ನು ಕೇಳುತ್ತಿದೆ ಎಂದು ಓದಿ.

ಸಿವಿಕಸ್ ಮಾನಿಟರ್ 2016ರಿಂದ ಇದೆ. ಮುಕ್ತ, ಕಿರಿದಾದ, ಅಡೆತಡೆಯ, ದಮನಿತ, ಮುಚ್ಚಿದ ಎಂದು ದೇಶಗಳನ್ನು ಐದು ಬಗೆಗೆ ಹಂಚುತ್ತದೆ. ಇದು ಜಾಗ ಎಷ್ಟಿದೆ ಎಂದು ಹೇಳುತ್ತದೆ, ಬಲ ಎಷ್ಟಿದೆ ಎಂದಲ್ಲ. ವಿ-ಡೆಮ್‌ನ ನಾಗರಿಕ ಸಮಾಜ ಸೂಚ್ಯಂಕ 0ರಿಂದ 1ರವರೆಗೆ. ಸಂಘ ಹುಟ್ಟಲು ಬಾಳಲು ಸರ್ಕಾರದ ಹಿಡಿತ ಎಷ್ಟು, ದಮನ ಎಷ್ಟು, ಜನ ಎಷ್ಟು ಪಾಲ್ಗೊಳ್ಳುತ್ತಾರೆ ಎಂಬ ಮೂರನ್ನು ಆಯಾ ದೇಶ ಬಲ್ಲ ತಜ್ಞರಿಂದ ಕೇಳಿ ಕಟ್ಟಿದ್ದು. ಹಳೆಯ ಕಾಲದ ಅಂಕಗಳೂ ಸಿಗುವುದರಿಂದ ದಶಕಗಳ ಏರಿಳಿತ ನೋಡಲು ಇದು ಉತ್ತಮ. ದೇಶಗಳ ಸ್ವಾತಂತ್ರ್ಯ ಅಳೆಯುವ ಅಮೆರಿಕದ ಸಂಸ್ಥೆ ಫ್ರೀಡಂ ಹೌಸ್‌ನ ವಾರ್ಷಿಕ ವರದಿಯಲ್ಲಿ 100 ಅಂಕಗಳಲ್ಲಿ 12 ಸಭೆ, ಸಂಘ, ಕಾರ್ಮಿಕ ಸಂಘದ ಸ್ವಾತಂತ್ರ್ಯಕ್ಕೆ ಮೀಸಲು. ದೇಶದ ಒಟ್ಟು ಅಂಕ ಬಿಟ್ಟು ಆ 12ನ್ನು ಮಾತ್ರ ತೆಗೆದು ನೋಡಿ.

ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ 1997ರಲ್ಲಿ ಶುರು ಮಾಡಿದ ಸೂಚ್ಯಂಕ ಏಳು ವಿಷಯಗಳನ್ನು ನೋಡುತ್ತಿತ್ತು: ಕಾನೂನು, ಸಂಘಟನಾ ಶಕ್ತಿ, ಹಣಕಾಸು, ವಕಾಲತ್ತು (ಜನರ ಪರವಾಗಿ ದನಿ ಎತ್ತುವುದು), ಸೇವೆ, ಬೆಂಬಲ ವ್ಯವಸ್ಥೆ, ಸಾರ್ವಜನಿಕ ಹೆಸರು. ಹಳೆಯ ವರದಿ ಓದುವಾಗ ಎಚ್ಚರ, ಅದರಲ್ಲಿ 1 ಅತ್ಯುತ್ತಮ, 7 ಅತಿ ಕೆಟ್ಟದ್ದು. ತಲೆಕೆಳಗಾಗಿ ಓದಿದವರನ್ನು ನೋಡಿದ್ದೇನೆ. ಯುಎಸ್‌ಏಡ್ ಅನ್ನು 2025ರಲ್ಲಿ ಅಮೆರಿಕ ಸರ್ಕಾರವೇ ಮುಚ್ಚಿತು. ಒಬ್ಬ ದಾನಿಯನ್ನು ನೆಚ್ಚಿಕೊಂಡ ಅಳತೆಗೋಲಿಗೂ ಸಂಘಗಳಿಗಿರುವ ಅಪಾಯವೇ ಇದೆ.

ಒಂದರಲ್ಲಿ ದೇಶ ಮೇಲಿದೆ, ಇನ್ನೊಂದರಲ್ಲಿ ಪಾತಾಳದಲ್ಲಿದೆ. ಯಾವುದು ಸರಿ?

ಎರಡೂ ಸರಿ ಇರಬಹುದು. ಬ್ರಿಟನ್‌ನ ಚಾರಿಟೀಸ್ ಏಡ್ ಫೌಂಡೇಶನ್‌ನ ವಿಶ್ವ ದಾನ ಸೂಚ್ಯಂಕ ಮೂರೇ ಪ್ರಶ್ನೆ ಕೇಳುತ್ತಿತ್ತು: ಅಪರಿಚಿತರಿಗೆ ಸಹಾಯ ಮಾಡಿದ್ರಾ, ಹಣ ಕೊಟ್ರಾ, ಸ್ವಯಂಸೇವೆ ಮಾಡಿದ್ರಾ. 2017ರಲ್ಲಿ ಅದರ ಮೊದಲ ಸ್ಥಾನ ಮ್ಯಾನ್ಮಾರ್‌ಗೆ. ಅದಕ್ಕೂ ಮುಂಚಿನ ಕೆಲವು ವರ್ಷವೂ ಅದೇ ಮುಂದಿತ್ತು. ಬೌದ್ಧ ವಿಹಾರಗಳಿಗೆ ಕೊಡುವ ರೂಢಿ ಅಲ್ಲಿ ಆಳವಾಗಿದೆ. ಅದೇ 2017ರಲ್ಲಿ ಅದೇ ದೇಶದಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಸೇನೆಯ ದಾಳಿಗೆ ಹೆದರಿ ಬಾಂಗ್ಲಾದೇಶಕ್ಕೆ ಓಡಿದರು.

ಕೊಡುವ ಕೈ ಇರುವುದು ಒಂದು ಗುಣ. ಅನ್ಯಾಯದ ವಿರುದ್ಧ ಕೂಡಿ ನಿಲ್ಲುವುದು ಬೇರೆಯೇ ಗುಣ. ಒಂದರ ಅಂಕ ಹಿಡಿದು ಇನ್ನೊಂದರ ಬಗ್ಗೆ ಮಾತಾಡಿದರೆ ತಪ್ಪುತ್ತದೆ.

ನಾವು ನಮ್ಮಷ್ಟಕ್ಕೇ ಅಳೆಯಬಹುದಾ? ತಜ್ಞರಲ್ಲ, ಹಣವೂ ಇಲ್ಲ.

ಖಂಡಿತ. ಇಡೀ ದೇಶಕ್ಕೆ ಕೈ ಹಾಕಬೇಡಿ. ಒಂದು ಪಟ್ಟಣ ಇಲ್ಲವೇ ಒಂದು ಕ್ಷೇತ್ರ ಸಾಕು, ಉದಾಹರಣೆಗೆ ಅಂಗವಿಕಲರ ಸಂಘಗಳು ಮಾತ್ರ.

ಮೊದಲು ಸರ್ಕಾರಿ ಪಟ್ಟಿ ತಗೊಳ್ಳಿ. ಅದರಿಂದ 30 ಹೆಸರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ವಿಳಾಸಕ್ಕೆ ಹೋಗಿ. ಎಷ್ಟು ಕಡೆ ಬಾಗಿಲು ತೆರೆಯಿತು ಎಂಬುದೇ ನಿಮ್ಮ ಮೊದಲ ಅಂಕಿ. ಆಮೇಲೆ ಉಲ್ಟಾ ಮಾಡಿ. ಅಲ್ಲಿನ ಜನರನ್ನೇ ಕೇಳಿ: ಹೋದ ಸಲ ತೊಂದರೆ ಬಂದಾಗ ಯಾರ ಹತ್ತಿರ ಹೋದ್ರಿ? ಅವರು ಹೇಳಿದ ಗುಂಪುಗಳಲ್ಲಿ ಎಷ್ಟು ಸರ್ಕಾರಿ ಪಟ್ಟಿಯಲ್ಲಿ ಇಲ್ಲ ಎಂದು ಎಣಿಸಿ. ಈ ಎರಡು ಅಂಕಿಗಳ ನಡುವಿನ ಅಂತರ ನಿಮಗೆ ಯಾವ ದೊಡ್ಡ ವರದಿಯೂ ಹೇಳದ ವಿಷಯ ಹೇಳುತ್ತದೆ.

ಸಿಕ್ಕ ಗುಂಪುಗಳಿಗೆ ಕೆಲವೇ ಪ್ರಶ್ನೆ ಇಟ್ಟುಕೊಳ್ಳಿ. ಕಳೆದ ತಿಂಗಳು ಎಷ್ಟು ಜನ ಸೇರಿದ್ರಿ? ಯಾರು ಕರೆದರು? ಮುಖಂಡರು ಒಂದು ವರ್ಷ ಇಲ್ಲದಿದ್ದರೆ ನಡೆಯುತ್ತಾ? ಸರ್ಕಾರ ನಿಮ್ಮನ್ನು ಕೊನೆಯ ಸಲ ಯಾವಾಗ ಕೇಳಿತು, ಹೇಳಿದ್ದರಲ್ಲಿ ಏನು ಒಪ್ಪಿತು? ಕಷ್ಟ ಬಂದರೆ ಯಾವ ಬೇರೆ ಸಂಘಕ್ಕೆ ಫೋನ್ ಮಾಡ್ತೀರಿ? ಈ ಕೊನೆಯ ಪ್ರಶ್ನೆಯ ಉತ್ತರಗಳನ್ನು ಕಾಗದದ ಮೇಲೆ ಚುಕ್ಕಿ ಗೆರೆಗಳಾಗಿ ಬರೆಯಿರಿ. ಯಾರ ಕಡೆಗೆ ತುಂಬಾ ಗೆರೆ ಹೋಗಿವೆ, ಯಾರು ಒಂಟಿ ಇದ್ದಾರೆ ಎಂದು ಕಣ್ಣಿಗೇ ಕಾಣುತ್ತದೆ. ತುಂಬಾ ಗೆರೆ ಸೇರುವ ಚುಕ್ಕಿ ಒಂದೇ ಇದ್ದರೆ ಜೋಪಾನ. ಅದೊಂದು ಬಿದ್ದರೆ ಉಳಿದವರೆಲ್ಲ ಒಬ್ಬರಿಗೊಬ್ಬರು ಸಿಗುವುದಿಲ್ಲ.

ಕೊನೆಗೆ ಎಲ್ಲರನ್ನೂ ಕರೆದು ಕಂಡದ್ದನ್ನು ಓದಿ ಹೇಳಿ. ಅಲ್ಲಿ ಆಗುವ ಜಗಳವನ್ನೂ ಬರೆದುಕೊಳ್ಳಿ.

## ಗಟ್ಟಿ ಪ್ರಶ್ನೆಗಳು

ಸರ್ವಾಧಿಕಾರ ಇರೋ ಕಡೆ ನಾಗರಿಕ ಸಮಾಜ ಗಟ್ಟಿ ಇರೋಕೆ ಸಾಧ್ಯನಾ?

ಸಾಧ್ಯ. ಜಾಗ ಮತ್ತು ಬಲ ಎರಡು ಬೇರೆ ವಿಷಯ. ಇವನ್ನು ಒಂದೇ ಎಂದುಕೊಳ್ಳುವುದು ಈ ಕ್ಷೇತ್ರದ ದೊಡ್ಡ ತಪ್ಪು.

ಪೋಲೆಂಡ್ ನೋಡಿ. 1980ರ ಆಗಸ್ಟ್‌ನಲ್ಲಿ ಗ್ಡಾನ್ಸ್ಕ್ ಹಡಗುಕಟ್ಟೆಯ ಮುಷ್ಕರದಿಂದ ಸಾಲಿಡಾರಿಟಿ ಎಂಬ ಕಾರ್ಮಿಕ ಸಂಘ ಹುಟ್ಟಿತು. ಒಂದು ವರ್ಷದೊಳಗೆ ಸುಮಾರು 1 ಕೋಟಿ ಸದಸ್ಯರು. ಏಕಪಕ್ಷದ ಆಡಳಿತದಲ್ಲಿ! 1981ರ ಡಿಸೆಂಬರ್ 13ರಂದು ಸೇನಾ ಕಾನೂನು ಹೇರಿ ಮುಖಂಡರನ್ನು ಹಿಡಿದು ಒಳಗೆ ಹಾಕಿದರು, ಸಂಘವನ್ನು ನಿಷೇಧಿಸಿದರು. ಆದರೂ ಗುಟ್ಟಿನ ಪತ್ರಿಕೆಗಳು ಅಚ್ಚಾಗುತ್ತಿದ್ದವು, ಬಂಧಿತರ ಮನೆಗಳಿಗೆ ನೆರವು ಹೋಗುತ್ತಿತ್ತು. 1989ರಲ್ಲಿ ಸರ್ಕಾರ ಅದೇ ನಿಷೇಧಿತ ಸಂಘದ ಜೊತೆ ದುಂಡುಮೇಜಿನ ಮಾತುಕತೆಗೆ ಕೂರಬೇಕಾಯಿತು.

ಸುಡಾನ್ ಇನ್ನೂ ಇತ್ತೀಚಿನ ಉದಾಹರಣೆ. ಸರ್ವಾಧಿಕಾರದ ವಿರುದ್ಧ ನಡೆದ 2018-19ರ ಚಳವಳಿಯಲ್ಲಿ ಬಡಾವಣೆ ಬಡಾವಣೆಗೂ ಪ್ರತಿರೋಧ ಸಮಿತಿಗಳು ಎದ್ದವು. 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಗಿ ದೊಡ್ಡ ನೆರವು ಸಂಸ್ಥೆಗಳು ಹೊರಟಾಗ, ಆ ಪರಿಚಯ, ಆ ನಂಬಿಕೆಯ ಮೇಲೆಯೇ ತುರ್ತು ನೆರವು ಕೋಣೆಗಳು ಎಂಬ ಸ್ಥಳೀಯ ಗುಂಪುಗಳು ಎದ್ದವು. ಸಾಮೂಹಿಕ ಅಡುಗೆಮನೆ ನಡೆಸಿದವರು, ಗಾಯಾಳುಗಳನ್ನು ಸಾಗಿಸಿದವರು ಅದೇ ನೆರೆಹೊರೆಯ ಯುವಜನ. ಯಾವ ನೋಂದಣಿ ಪುಸ್ತಕ ಇವರನ್ನು ತೋರಿಸುತ್ತಿತ್ತು?

ಉಲ್ಟಾ ಕೂಡ ನಿಜ. ಎಲ್ಲ ಬಾಗಿಲೂ ತೆರೆದಿರುವ ದೇಶದಲ್ಲಿ ಸದಸ್ಯರೇ ಇಲ್ಲದ, ಸಂಬಳದ ಸಿಬ್ಬಂದಿ ಮಾತ್ರ ಇರುವ ಸಂಘಗಳು ತುಂಬಿರಬಹುದು.

ನಾಗರಿಕ ಸಮಾಜ ಗಟ್ಟಿ ಇದ್ರೆ ಪ್ರಜಾಪ್ರಭುತ್ವವೂ ಗಟ್ಟಿ ಅಂತ ಅರ್ಥ ತಾನೇ?

ಹಾಗೆಂದು ನಂಬಲು ಕಾರಣ ಇದೆ. ಇಟಲಿ 1970ರಲ್ಲಿ ಪ್ರಾದೇಶಿಕ ಸರ್ಕಾರಗಳನ್ನು ದೇಶದುದ್ದಕ್ಕೂ ತಂದಿತು. ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಪಟ್ನಂ ಮತ್ತು ಸಂಗಡಿಗರು ಎರಡು ದಶಕ ಅವನ್ನು ಗಮನಿಸಿದರು. ಒಂದೇ ಬಗೆಯ ಸರ್ಕಾರಗಳು, ಆದರೆ ಕೆಲವು ಕಡೆ ಚೆನ್ನಾಗಿ ನಡೆದವು, ಕೆಲವು ಕಡೆ ಕುಸಿದವು. ಸಹಕಾರ ಸಂಘ, ಗಾಯನ ತಂಡ, ಕ್ರೀಡಾ ಕ್ಲಬ್‌ಗಳ ಹಳೆಯ ರೂಢಿ ಇದ್ದ ಉತ್ತರದ ಪ್ರದೇಶಗಳು ಮುಂದಿದ್ದವು.

ಆದರೆ ಜರ್ಮನಿಯ ವೈಮಾರ್ ಗಣರಾಜ್ಯ, ಅಂದರೆ ಹಿಟ್ಲರ್‌ಗೆ ಮುಂಚಿನ ಪ್ರಜಾಪ್ರಭುತ್ವ, ಈ ನಂಬಿಕೆಗೆ ದೊಡ್ಡ ಪೆಟ್ಟು. 1920ರ ದಶಕದಲ್ಲಿ ಅಲ್ಲಿ ಕ್ಲಬ್ಬು, ಸಂಘಗಳು ತುಂಬಿ ತುಳುಕುತ್ತಿದ್ದವು. ಪಕ್ಷಗಳ ಮೇಲೆ ಬೇಸರ ಬಂದ ಜನ ತಮ್ಮ ತಮ್ಮ ಸಂಘಗಳಿಗೆ ಸರಿದರು. ಪ್ರೊಟೆಸ್ಟಂಟರಿಗೆ ಬೇರೆ, ಕ್ಯಾಥೋಲಿಕ್‌ರಿಗೆ ಬೇರೆ, ಕಾರ್ಮಿಕರಿಗೆ ಬೇರೆ. ನಾಜಿಗಳು ಆ ಸಂಘಗಳ ಒಳಗೇ ಹೊಕ್ಕು ಕಾರ್ಯಕರ್ತರನ್ನು ಆರಿಸಿಕೊಂಡರು.

ಹಾಗಾಗಿ ಸಂಘದ ಒಳಗೆ ಯಾರು ಯಾರ ಜೊತೆ ಕೂರುತ್ತಾರೆ ಎಂದು ಕೇಳಲೇಬೇಕು. ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ ಭಾರತದ ನಗರಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ ಇದನ್ನೇ ತೋರಿಸಿದರು. ಒಂದು ಜೋಡಿ ಅಲಿಗಢ ಮತ್ತು ಕಲ್ಲಿಕೋಟೆ. ಹಿಂದೂ ಮುಸ್ಲಿಮರು ಒಂದೇ ವ್ಯಾಪಾರಿ ಸಂಘ, ಒಂದೇ ಕಾರ್ಮಿಕ ಸಂಘದಲ್ಲಿ ಇದ್ದ ಕಲ್ಲಿಕೋಟೆಯಲ್ಲಿ ಗಾಳಿಸುದ್ದಿ ದಂಗೆಯಾಗಿ ತಿರುಗುವ ಮೊದಲೇ ತಡೆಯುವ ಜನ ಇದ್ದರು. ಅಲಿಗಢದಲ್ಲಿ ಅಂಥ ನಂಟು ತೆಳುವಾಗಿತ್ತು. ನಿಮ್ಮ ಅಳತೆಯಲ್ಲಿ ಈ ಬೆರೆಯುವಿಕೆಗೆ ಒಂದು ಕಾಲಂ ಇಲ್ಲದಿದ್ದರೆ ದ್ವೇಷ ಹಬ್ಬಿಸುವ ಗುಂಪಿಗೂ ಪೂರ್ತಿ ಅಂಕ ಸಿಕ್ಕಿಬಿಡುತ್ತದೆ.

ಸರ್ಕಾರವೇ ಕಟ್ಟಿಸಿದ ಸಂಘಗಳನ್ನು ಗುರುತಿಸೋದು ಹೇಗೆ?

ಹಣ ಸರ್ಕಾರದ್ದು ಎಂಬುದಷ್ಟೇ ಗುರುತಲ್ಲ. ಅನೇಕ ಸ್ವತಂತ್ರ ಸಂಘಗಳು ಸರ್ಕಾರದ ಹಣದಲ್ಲಿ ಸೇವೆ ನಡೆಸುತ್ತವೆ. ಅವರು ಸರ್ಕಾರವನ್ನು ಎಂದಾದರೂ ಬಹಿರಂಗವಾಗಿ ವಿರೋಧಿಸಿದ್ದಾರಾ ನೋಡಿ. ಪದಾಧಿಕಾರಿಗಳು ಯಾರ ನೆಂಟರು, ಯಾವ ಇಲಾಖೆಯ ನಿವೃತ್ತರು? ಬೇರೆಯವರಿಗೆ ವರ್ಷಗಟ್ಟಲೆ ಸಿಗದ ನೋಂದಣಿ ಇವರಿಗೆ ವಾರದಲ್ಲಿ ಸಿಕ್ಕಿತಾ? ವಿಶ್ವಸಂಸ್ಥೆಯಲ್ಲಿ ದೇಶದ ಮಾನವ ಹಕ್ಕು ಪರಿಶೀಲನೆ ನಡೆಯುವಾಗ ಮಾತ್ರ ಎದ್ದು ಹೊಗಳಿ, ಉಳಿದ ದಿನ ಕಾಣೆಯಾಗುತ್ತಾರಾ? ಒಂದೇ ಗುರುತಿನಿಂದ ತೀರ್ಪು ಕೊಡಬೇಡಿ.

ಒಮ್ಮೆ ಅಳೆದರೆ ಎಷ್ಟು ವರ್ಷ ನಡೆಯುತ್ತೆ?

ಟ್ಯುನೀಷಿಯಾದ ಕಥೆ ಕೇಳಿ. 2013ರಲ್ಲಿ ಇಬ್ಬರು ರಾಜಕಾರಣಿಗಳ ಕೊಲೆಯಿಂದ ದೇಶ ಕುಸಿಯುವಂತಾಗಿತ್ತು. ಕಾರ್ಮಿಕ ಸಂಘಗಳ ಒಕ್ಕೂಟ, ಉದ್ಯಮಿಗಳ ಒಕ್ಕೂಟ, ಮಾನವ ಹಕ್ಕು ಲೀಗ್, ವಕೀಲರ ಸಂಘ ನಾಲ್ಕೂ ಸೇರಿ ಪಕ್ಷಗಳನ್ನು ಮೇಜಿಗೆ ತಂದವು. 2014ರ ಜನವರಿಯಲ್ಲಿ ಹೊಸ ಸಂವಿಧಾನ ಬಂತು. 2015ರಲ್ಲಿ ಆ ನಾಲ್ವರಿಗೆ ನೊಬೆಲ್ ಶಾಂತಿ ಪುರಸ್ಕಾರ. ಆಗ ಅಳೆದಿದ್ದರೆ ಪರಿಣಾಮದ ಮೂಲೆಗೆ ಪೂರ್ತಿ ಅಂಕ. 2021ರ ಜುಲೈನಲ್ಲಿ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನು ಅಮಾನತು ಮಾಡಿ ಅಧಿಕಾರವನ್ನು ಕೈಗೆ ತಗೊಂಡಾಗ ಅದೇ ಸಂಘಗಳಿಗೆ ತಡೆಯಲಾಗಲಿಲ್ಲ.

ಎರಡು ಮೂರು ವರ್ಷಕ್ಕೊಮ್ಮೆ ಅದೇ ಪ್ರಶ್ನೆಗಳನ್ನು ಅದೇ ರೀತಿ ಕೇಳಿ. ಚುನಾವಣೆ, ಯುದ್ಧ, ಹೊಸ ಕಾನೂನು ಬಂದರೆ ಕಾಯಬೇಡಿ.

ನಾವು ಹೀಗೆ ಕೇಳಿಕೊಂಡು ಹೋದ್ರೆ ಆ ಜನರಿಗೇ ತೊಂದರೆ ಆಗಲ್ವಾ?

ಆಗಬಹುದು. ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಿದವರ ಮೇಲೆ ನನಗೆ ಗೌರವ.

ರಷ್ಯಾದಲ್ಲಿ 2012ರ ಕಾನೂನು ಸಂಘಗಳಿಗೆ "ವಿದೇಶಿ ಏಜೆಂಟ್" ಎಂಬ ಹಣೆಪಟ್ಟಿ ಹಚ್ಚಿತು. ಸ್ಟಾಲಿನ್ ಕಾಲದ ಬಲಿಪಶುಗಳ ದಾಖಲೆ ಕೂಡಿಟ್ಟ ಮೆಮೋರಿಯಲ್ ಸಂಸ್ಥೆಯನ್ನು ಮುಚ್ಚಲು 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆದೇಶಿಸಿತು. ಆ ಹಣೆಪಟ್ಟಿಯನ್ನು ತನ್ನ ಪ್ರಕಟಣೆಗಳಲ್ಲಿ ಹಾಕಲಿಲ್ಲ ಎಂಬುದೇ ಮುಖ್ಯ ಆರೋಪ. ಮುಂದಿನ ವರ್ಷ ಅದಕ್ಕೆ ನೊಬೆಲ್ ಶಾಂತಿ ಪುರಸ್ಕಾರ ಬಂತು. ಇಂಥ ಕಡೆ ನಿಮ್ಮ ಟಿಪ್ಪಣಿ ಪುಸ್ತಕ ಬೇರೆಯವರ ಕೈ ಸೇರಿದರೆ ಅದು ಬಂಧಿಸಬೇಕಾದವರ ಪಟ್ಟಿ ಆಗುತ್ತದೆ. ಯಾರು ಯಾರಿಗೆ ಫೋನ್ ಮಾಡುತ್ತಾರೆ ಎಂಬ ಚುಕ್ಕಿ ಗೆರೆಗಳ ಚಿತ್ರವಂತೂ ಇನ್ನೂ ಅಪಾಯ.

ಭಯ ಇರುವ ದೇಶದಲ್ಲಿ ಆ ಚಿತ್ರ ಬರೆಯಲೇ ಬೇಡಿ. ಹೆಸರಿನ ಬದಲು ಸಂಕೇತ ಬಳಸಿ, ಸಂಕೇತದ ಕೀಲಿಯನ್ನು ಬೇರೆ ಕಡೆ ಇಡಿ, ಸಾಧ್ಯವಾದರೆ ದೇಶದ ಹೊರಗೆ. ಧ್ವನಿ ಮುದ್ರಣ ಬೇಡ. ಸಣ್ಣ ಊರಿನಲ್ಲಿ "ಒಬ್ಬ ಮಹಿಳಾ ವಕೀಲೆ" ಎಂದು ಬರೆದರೂ ಯಾರೆಂದು ಗೊತ್ತಾಗುತ್ತದೆ, ಅದನ್ನೂ ಮಸುಕು ಮಾಡಿ. ಪ್ರಕಟಿಸುವ ಮೊದಲು ಮಾತಾಡಿದವರಿಗೆ ಓದಲು ಕೊಡಿ. ಅವರು ತೆಗೆಯಿರಿ ಎಂದ ಸಾಲನ್ನು ಕಾರಣ ಕೇಳದೆ ತೆಗೆಯಿರಿ.